ಕೈಗಾರಿಕಾ ಕೆಲಸದ ಸ್ಥಳಗಳಲ್ಲಿ ಧೂಳು ಮತ್ತು ಶಬ್ದದ ನಿಯಂತ್ರಣ: ಹೊಸ ಸಂಹಿತೆಯ ಹಿನ್ನೆಲೆಯಲ್ಲಿ ಸಣ್ಣ ಎರಕದ ಘಟಕಗಳು

1. ಪೀಠಿಕೆ

ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಲುಕಿದರೆ ಅಥವಾ ಬಾಯ್ಲರ್ ಸಿಡಿದರೆ ಆ ಘಟನೆಯು ಅಂದೇ ವರದಿಯಾಗುತ್ತದೆ, ತನಿಖೆಯೂ ನಡೆಯುತ್ತದೆ. ಕೆಲಸದ ಸ್ಥಳದ ಗಾಳಿಯಲ್ಲಿರುವ ಧೂಳು, ಧೂಮ ಮತ್ತು ಅನಿಲಗಳಿಂದ ಹಾಗೂ ಯಂತ್ರಗಳ ಶಬ್ದದಿಂದ ಉಂಟಾಗುವ ಹಾನಿಯ ಸ್ವರೂಪವು ಬೇರೆಯಾಗಿದೆ. ಅದು ಹತ್ತಾರು ವರ್ಷಗಳ ಕಾಲ ಕಾಣಿಸಿಕೊಳ್ಳದೆ ಬೆಳೆಯುತ್ತದೆ. ಕಾಣಿಸಿಕೊಳ್ಳುವ ವೇಳೆಗೆ ಕಾರ್ಮಿಕನು ಕೆಲಸವನ್ನು ಬಿಟ್ಟಿರಬಹುದು, ಊರಿಗೆ ಮರಳಿರಬಹುದು, ಘಟಕವೇ ಮುಚ್ಚಿರಬಹುದು. ಈ ಕಾರಣದಿಂದ ಇಂತಹ ಅಪಾಯಗಳ ನಿಯಂತ್ರಣವು ಘಟನೆಯ ನಂತರದ ಕ್ರಮವಾಗಿರದೆ ಅದಕ್ಕೂ ಮುಂಚಿನ ಕ್ರಮವಾಗಿರಬೇಕಾಗುತ್ತದೆ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21 ನವೆಂಬರ್ 2025ರಿಂದ ಜಾರಿಗೆ ಬಂದಿದೆ. ಕಾರ್ಖಾನೆಗಳ ಕಾಯಿದೆ, 1948 ಸೇರಿದಂತೆ 13 ಕೇಂದ್ರ ಕಾಯಿದೆಗಳು ಇದರಲ್ಲಿ ವಿಲೀನಗೊಂಡಿವೆ. ಪರಿವರ್ತನೆಯ ಅವಧಿಯಲ್ಲಿ ಹಿಂದಿನ ಕಾಯಿದೆ ಮತ್ತು ನಿಯಮಗಳ ಸಂಬಂಧಿತ ಉಪಬಂಧಗಳು ಮುಂದುವರಿಯುತ್ತವೆ ಎಂದು ಕೇಂದ್ರ ಸರ್ಕಾರವು ಅಂದೇ ಸ್ಪಷ್ಟಪಡಿಸಿತು. ಈ ಬದಲಾವಣೆಯು ಧೂಳು ಮತ್ತು ಶಬ್ದದ ನಡುವೆ ದುಡಿಯುವ ಕಾರ್ಮಿಕರಿಗೆ, ಅದರಲ್ಲಿಯೂ ಸಣ್ಣ ಘಟಕಗಳ ಕಾರ್ಮಿಕರಿಗೆ, ಏನನ್ನು ತರುತ್ತದೆ ಎಂಬುದನ್ನು ಎರಕದ ಉದ್ಯಮದ ಉದಾಹರಣೆಯೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ಈ ಉದಾಹರಣೆಗೆ ಕಾರಣವಿದೆ. ಬೆಳಗಾವಿಯ ಉದ್ಯಮಬಾಗ್ ಮತ್ತು ಸುತ್ತಲಿನ ಕೈಗಾರಿಕಾ ಪ್ರದೇಶಗಳು ದೇಶದ ಪ್ರಮುಖ ಎರಕದ ಸಮೂಹಗಳಲ್ಲಿ ಒಂದಾಗಿವೆ. ಗಾಳಿಯ ಮಲಿನಕಾರಕಗಳು ಮತ್ತು ತೀವ್ರ ಶಬ್ದ ಇವೆರಡೂ ಒಂದೇ ಛಾವಣಿಯಡಿ, ಒಬ್ಬನೇ ಕಾರ್ಮಿಕನ ಮೇಲೆ, ಒಂದೇ ಪಾಳಿಯಲ್ಲಿ ಎರಗುವ ಕೆಲಸಗಳಲ್ಲಿ ಎರಕದ ಕೆಲಸವು ಮುಖ್ಯವಾದುದು.

2. ಅಪಾಯವು ಹುಟ್ಟುವ ಬಗೆ

ಎರಕದ ಅಚ್ಚುಗಳನ್ನು ಬಹುತೇಕ ಸಿಲಿಕಾ ಮರಳಿನಿಂದ ತಯಾರಿಸಲಾಗುತ್ತದೆ. ಮರಳಿನ ಕಣವು ದೊಡ್ಡದಾಗಿರುವವರೆಗೆ ಅದು ಶ್ವಾಸಕೋಶದ ಆಳವನ್ನು ತಲುಪಲಾರದು. ಆದರೆ ಕರಗಿದ ಲೋಹದ ತಾಪಕ್ಕೆ ಸಿಕ್ಕ ಕಣಗಳು ಬಿರಿಯುತ್ತವೆ. ಎರಕವು ತಣಿದ ನಂತರ ಅಚ್ಚನ್ನು ಒಡೆಯುವ ನಾಕ್‌ಔಟ್ ಹಂತದಲ್ಲಿ ಮತ್ತು ಅಂಟಿದ ಮರಳನ್ನು ಉಜ್ಜಿ ತೆಗೆಯುವ ಫೆಟ್ಲಿಂಗ್ ಹಂತದಲ್ಲಿ ಆ ಕಣಗಳು ಪುಡಿಯಾಗಿ ಗಾಳಿಗೆ ಸೇರುತ್ತವೆ. 10 ಮೈಕ್ರಾನಿಗಿಂತ ಸಣ್ಣದಾದ, ವಿಶೇಷವಾಗಿ 5 ಮೈಕ್ರಾನಿಗಿಂತ ಕಡಿಮೆ ಗಾತ್ರದ ಕಣಗಳು ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪಬಲ್ಲವು. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಧೂಳು ಕಣ್ಣಿಗೆ ಕಾಣುವಂತಹುದಲ್ಲ ಎಂಬುದು ತಿಳಿಯುತ್ತದೆ. ಕಾಣುವ ಧೂಳು ನಿಮಿಷಗಳಲ್ಲಿ ನೆಲಕ್ಕೆ ಇಳಿಯುತ್ತದೆ. ಕಾಣದ ಧೂಳು ಗಂಟೆಗಟ್ಟಲೆ ತೇಲುತ್ತಿರುತ್ತದೆ. "ಧೂಳು ಇಳಿದಿದೆ" ಎಂಬ ಭಾವನೆಯು ಈ ಕೆಲಸದಲ್ಲಿ ದಾರಿ ತಪ್ಪಿಸುವಂತಹುದು.

ಇದರೊಂದಿಗೆ ಲೋಹವನ್ನು ಸುರಿಯುವಾಗ ಅಚ್ಚಿನಲ್ಲಿರುವ ಕಲ್ಲಿದ್ದಲ ಪುಡಿ ಮತ್ತು ಅಂಟು ಪದಾರ್ಥಗಳು ಸುಟ್ಟು ಕಾರ್ಬನ್ ಮಾನಾಕ್ಸೈಡ್ ಅನಿಲವು ಹೊರಬರುತ್ತದೆ. ಅದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಶಬ್ದದ ಮೂಲಗಳೂ ಇದೇ ಹಂತಗಳಲ್ಲಿವೆ: ಕಂಪಿಸುವ ನಾಕ್‌ಔಟ್ ಜಾಲರಿ, ಗಾಳಿಯ ಒತ್ತಡದಿಂದ ನಡೆಯುವ ಉಳಿ, ಉಜ್ಜುವ ಚಕ್ರ, ಲೋಹದ ತೊಟ್ಟಿಗೆ ಬೀಳುವ ಎರಕಗಳು.

3. ದೇಹದ ಮೇಲಿನ ಪರಿಣಾಮ

ಸಿಲಿಕಾ ಕಣಗಳಿಂದ ಶ್ವಾಸಕೋಶವು ಗಡುಸಾಗುವ ಸಿಲಿಕೋಸಿಸ್ ಕಾಯಿಲೆಗೆ ಪೂರ್ಣ ಗುಣ ನೀಡುವ ಚಿಕಿತ್ಸೆ ಇಲ್ಲ. ಧೂಳಿನಿಂದ ದೂರವಾದ ನಂತರವೂ ಅದು ಮುಂದುವರಿಯಬಹುದು. ಇಂತಹ ಕಾರ್ಮಿಕರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಉದ್ಯೋಗದಲ್ಲಿ ಉಸಿರಿಗೆ ಸೇರುವ ಸ್ಫಟಿಕ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕಕ್ಕೆ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಅದು 1930ರ ದಶಕದಲ್ಲಿಯೇ ದಾಖಲಾಗಿತ್ತು.

ಶಬ್ದದಿಂದ ಬರುವ ಕಿವುಡುತನವು ಒಳಕಿವಿಯ ಸೂಕ್ಷ್ಮ ರೋಮಕೋಶಗಳ ನಾಶದಿಂದ ಉಂಟಾಗುತ್ತದೆ. ಆ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಮೊದಲ ನಷ್ಟವು 4,000 ಹರ್ಟ್ಸ್ ಆಸುಪಾಸಿನಲ್ಲಿ ಕಂಡುಬರುತ್ತದೆ. ಸ, ಶ, ಚ ಮೊದಲಾದ ವ್ಯಂಜನಗಳನ್ನು ಬೇರ್ಪಡಿಸಿ ಕೇಳಿಸುವ ಸ್ವರಭಾಗವು ಹೆಚ್ಚು ಆವರ್ತನದ್ದಾದ ಕಾರಣ, ಕಾರ್ಮಿಕನಿಗೆ ಮಾತು ಕೇಳಿಸುತ್ತದೆ ಆದರೆ ತಿಳಿಯುವುದಿಲ್ಲ. ಇದನ್ನು ಮನೆಯವರು ಅಲಕ್ಷ್ಯವೆಂದೂ ಆತನು ಸುತ್ತಲಿನ ಗದ್ದಲವೆಂದೂ ಭಾವಿಸುವುದರಿಂದ ಪರೀಕ್ಷೆಯು ಮುಂದೂಡಲ್ಪಡುತ್ತದೆ. ಕ್ರೇನಿನ ಎಚ್ಚರಿಕೆಯ ಗಂಟೆ ಕೇಳದಿರುವುದು ಮತ್ತೊಂದು ಅಪಘಾತಕ್ಕೂ ದಾರಿಯಾಗುತ್ತದೆ.

4. ಮಿತಿಯ ಅಂಕಿಗಳು ಮತ್ತು ಅವುಗಳ ಅರ್ಥ

1984ರ ಭೋಪಾಲ್ ಅನಿಲ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಂದ ತಿದ್ದುಪಡಿಯ ಮೂಲಕ ಕೆಲಸದ ಸ್ಥಳದ ಗಾಳಿಯಲ್ಲಿರಬಹುದಾದ ರಾಸಾಯನಿಕ ಮತ್ತು ವಿಷ ವಸ್ತುಗಳ ಗರಿಷ್ಠ ಪ್ರಮಾಣವನ್ನು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿಯೇ ನಮೂದಿಸಲಾಯಿತು. ಕಾರ್ಬನ್ ಮಾನಾಕ್ಸೈಡಿಗೆ 8 ಗಂಟೆಗಳ ಸರಾಸರಿ ಮಿತಿಯು ಹತ್ತು ಲಕ್ಷಕ್ಕೆ 50 ಭಾಗ. ಸಿಲಿಕಾಗೆ ಒಂದು ಸೂತ್ರವಿದೆ: ಉಸಿರಿನ ಆಳಕ್ಕೆ ಸೇರುವ ಧೂಳಿನಲ್ಲಿರುವ ಸ್ಫಟಿಕದ ಶೇಕಡಾವಾರು ಅಂಶಕ್ಕೆ 2ನ್ನು ಕೂಡಿಸಿ, ಆ ಮೊತ್ತದಿಂದ 10ನ್ನು ಭಾಗಿಸಿದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿರಬಹುದಾದ ಧೂಳು ಮಿಲಿಗ್ರಾಂಗಳಲ್ಲಿ ದೊರೆಯುತ್ತದೆ. ಧೂಳಿನಲ್ಲಿ ಶೇ. 8ರಷ್ಟು ಸ್ಫಟಿಕವಿದ್ದರೆ ಮಿತಿಯು 1 ಮಿಲಿಗ್ರಾಂ, ಶೇ. 18ರಷ್ಟಿದ್ದರೆ 0.5 ಮಿಲಿಗ್ರಾಂ, ಶೇ. 48ರಷ್ಟಿದ್ದರೆ 0.2 ಮಿಲಿಗ್ರಾಂ. ಅಂದರೆ ಧೂಳಿನ ತೂಕವನ್ನು ಮಾತ್ರ ಅಳೆದರೆ ಸಾಲದು, ಅದರಲ್ಲಿನ ಸ್ಫಟಿಕದ ಅಂಶವೂ ತಿಳಿಯಬೇಕು. ಸ್ಫಟಿಕವು ಹೆಚ್ಚಾಗಿರುವ ಧೂಳಿನಲ್ಲಿ ಈ ಸೂತ್ರವು ಘನ ಮೀಟರಿಗೆ ಸುಮಾರು 0.1 ಮಿಲಿಗ್ರಾಂ ಸ್ಫಟಿಕವನ್ನು ಅನುಮತಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನವು 2016ರ ನಿಯಮದಲ್ಲಿ ಇದನ್ನು 0.05 ಮಿಲಿಗ್ರಾಂಗೆ ಇಳಿಸಿತು.

ಶಬ್ದದ ಬಗ್ಗೆ ಭಾರತದ ಮಾದರಿ ಕಾರ್ಖಾನೆ ನಿಯಮಗಳು 8 ಗಂಟೆಗೆ 90 ಡೆಸಿಬೆಲ್ ಮಿತಿಯನ್ನು ಇರಿಸಿವೆ. ಪ್ರತಿ 5 ಡೆಸಿಬೆಲ್ ಏರಿಕೆಗೆ ಅವಧಿಯು ಅರ್ಧವಾಗುತ್ತದೆ: 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ, 105ಕ್ಕೆ 1 ಗಂಟೆ. 115ನ್ನು ಮೀರಿದ ನಿರಂತರ ಶಬ್ದಕ್ಕೆ ಅವಕಾಶವಿಲ್ಲ. ಆದರೆ ಶಬ್ದದ ಶಕ್ತಿಯು 3 ಡೆಸಿಬೆಲ್ ಏರಿದೊಡನೆ ಇಮ್ಮಡಿಯಾಗುತ್ತದೆ. ಈ ತತ್ವದ ಮೇಲೆ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 8 ಗಂಟೆಗೆ 85 ಡೆಸಿಬೆಲ್ ಹಾಗೂ ಪ್ರತಿ 3 ಡೆಸಿಬೆಲ್‌ಗೆ ಅರ್ಧ ಅವಧಿಯನ್ನು ಶಿಫಾರಸು ಮಾಡುತ್ತದೆ. ಅದರಂತೆ 100 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 15 ನಿಮಿಷ ಮಾತ್ರ ಇರಬಹುದು. ಒಂದೇ ಫೆಟ್ಲಿಂಗ್ ಮೇಜಿನ ಮುಂದೆ ಒಂದು ಲೆಕ್ಕವು 2 ಗಂಟೆ ಎನ್ನುತ್ತದೆ, ಇನ್ನೊಂದು 15 ನಿಮಿಷ ಎನ್ನುತ್ತದೆ. ಆದುದರಿಂದ ಕಾನೂನಿನ ಮಿತಿಯನ್ನು ಸುರಕ್ಷತೆಯ ಗಡಿ ಎಂದು ತಿಳಿಯಬಾರದು. ಅದನ್ನು ಮೀರಬಾರದ ಕೊನೆಯ ಗೆರೆ ಎಂದು ತಿಳಿಯಬೇಕು.

ಈ ಎಲ್ಲ ಅಂಕಿಗಳೂ 8 ಗಂಟೆಯ ದಿನವನ್ನು ಆಧರಿಸಿವೆ. ವಾರಕ್ಕೆ 48 ಗಂಟೆಗಳ ಮಿತಿಯೊಳಗೆ, ಕಾರ್ಮಿಕರ ಲಿಖಿತ ಒಪ್ಪಿಗೆಯ ಮೇರೆಗೆ, ವಿಶ್ರಾಂತಿಯೂ ಸೇರಿ ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ಕರ್ನಾಟಕದಲ್ಲಿ 2023ರ ತಿದ್ದುಪಡಿಯು ಅವಕಾಶ ಕಲ್ಪಿಸಿತು. ಹೆಚ್ಚುವರಿ ದುಡಿಮೆಯಂತೂ ಸಣ್ಣ ಘಟಕಗಳಲ್ಲಿ ಮೊದಲಿನಿಂದಲೂ ಇದೆ. ಕೆಲಸವು 12 ಗಂಟೆಯಾದರೆ ಶಬ್ದದ ಮಿತಿಯು ಇದೇ ಸೂತ್ರದಂತೆ 90ರಿಂದ ಸುಮಾರು 87 ಡೆಸಿಬೆಲ್‌ಗೆ ಇಳಿಯಬೇಕು. ಧೂಳು ಮತ್ತು ಅನಿಲಗಳ ವಿಷಯದಲ್ಲಿ, ಬ್ರೀಫ್ ಮತ್ತು ಸ್ಕಾಲಾ ಅವರ ಹೆಸರಿನ ಪ್ರಸಿದ್ಧ ಲೆಕ್ಕಾಚಾರದಂತೆ, ಮಿತಿಯು ಅರ್ಧವಾಗಬೇಕು. ಹೆಚ್ಚಿದ ಅವಧಿಯು ಒಳಸೇರುವ ಪ್ರಮಾಣವನ್ನು ಹೆಚ್ಚಿಸುವುದಲ್ಲದೆ ದೇಹವು ಚೇತರಿಸಿಕೊಳ್ಳುವ ಕಾಲವನ್ನೂ ಕಡಿಮೆ ಮಾಡುತ್ತದೆ. ಪಾಳಿಯ ಅವಧಿಯನ್ನು ಬದಲಿಸುವ ಘಟಕವು ಮಿತಿಯ ಅಂಕಿಯನ್ನೂ ಬದಲಿಸುವುದು ಅವಶ್ಯಕ.

5. ಸಂಹಿತೆಯಿಂದ ಆಗುವ ಬದಲಾವಣೆ

ಹೊಸ ಸಂಹಿತೆಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ.

ಮೊದಲನೆಯದು, ಕಾರ್ಖಾನೆಯ ವ್ಯಾಖ್ಯೆ. ವಿದ್ಯುಚ್ಛಕ್ತಿಯನ್ನು ಬಳಸುವ ಘಟಕವು ಹಿಂದೆ 10 ಕಾರ್ಮಿಕರಿದ್ದರೆ ಕಾರ್ಖಾನೆ ಎನಿಸುತ್ತಿತ್ತು; ಈಗ ಆ ಸಂಖ್ಯೆಯು 20 ಆಗಿದೆ. ವಿದ್ಯುಚ್ಛಕ್ತಿ ಇಲ್ಲದ ಘಟಕಕ್ಕೆ ಅದು 20ರಿಂದ 40ಕ್ಕೆ ಏರಿದೆ. 10 ಅಥವಾ ಹೆಚ್ಚು ಕಾರ್ಮಿಕರಿರುವ ಸ್ಥಾಪನೆಗಳಿಗೆ ಮಾಲೀಕರ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಅಪಾಯಕಾರಿ ಚಟುವಟಿಕೆ ಎಂದು ಕೇಂದ್ರ ಸರ್ಕಾರವು ಅಧಿಸೂಚಿಸಿದಲ್ಲಿ ಈ 10ರ ಮಿತಿಯೂ ಅನ್ವಯಿಸುವುದಿಲ್ಲ. ಆದರೆ ವಿಷವಸ್ತುಗಳ ಮಿತಿಯ ಉಪಬಂಧವು ಕಾರ್ಖಾನೆಗಳಿಗೆ ಸಂಬಂಧಿಸಿದ ಭಾಗದಲ್ಲಿದೆ. 15 ಜನ ದುಡಿಯುವ ಎರಕದ ಘಟಕದಲ್ಲಿನ ಧೂಳು 25 ಜನರ ಘಟಕದ ಧೂಳಿಗಿಂತ ಕಡಿಮೆ ಹಾನಿಕರವಲ್ಲ. ಎಲ್ಲ ಸ್ಥಾಪನೆಗಳಿಗಾಗಿ ಕೇಂದ್ರ ಸರ್ಕಾರವು ಪ್ರಕಟಿಸುವ ಸುರಕ್ಷತಾ ಮಾನದಂಡಗಳು ಈ ಅಂತರವನ್ನು ಎಷ್ಟರಮಟ್ಟಿಗೆ ತುಂಬುತ್ತವೆ ಎಂಬುದು ಮುಖ್ಯವಾಗುತ್ತದೆ.

ಎರಡನೆಯದು, ಮಿತಿಗಳನ್ನು ನಿಗದಿಪಡಿಸುವ ಅಧಿಕಾರ. ಸಂಸತ್ತಿನ ಕಾಯಿದೆಯ ಅನುಸೂಚಿಯಲ್ಲಿದ್ದ ಅಂಕಿಗಳನ್ನು ಇನ್ನು ಮುಂದೆ ರಾಜ್ಯ ಸರ್ಕಾರಗಳು ನಿಯಮಗಳ ಮೂಲಕ ಗೊತ್ತುಪಡಿಸಬೇಕಾಗಿದೆ. ದಶಕಗಳ ಹಿಂದಿನ ಅಂಕಿಗಳನ್ನು ಇಂದಿನ ವೈದ್ಯಕೀಯ ತಿಳಿವಳಿಕೆಗೆ ಅನುಗುಣವಾಗಿ ಪರಿಷ್ಕರಿಸಲು ಇದೊಂದು ಅವಕಾಶ. ಹಾಗೆಯೇ, ಬಂಡವಾಳವನ್ನು ಸೆಳೆಯುವ ಪೈಪೋಟಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಮಿತಿಗಳು ಸಡಿಲಗೊಳ್ಳುವ ಅಪಾಯವೂ ಇಲ್ಲದಿಲ್ಲ. ಗಡಿಯ ಈಚೆಗಿನ ಬೆಳಗಾವಿಯ ಕಾರ್ಮಿಕನ ಶ್ವಾಸಕೋಶವೂ ಆಚೆಗಿನ ಕೊಲ್ಹಾಪುರದ ಕಾರ್ಮಿಕನ ಶ್ವಾಸಕೋಶವೂ ಒಂದೇ ಬಗೆಯವು.

ಮೂರನೆಯದು, ಆರೋಗ್ಯ ತಪಾಸಣೆ. 40 ವರ್ಷ ಮೀರಿದ ಕಾರ್ಮಿಕರಿಗೆ ಉಚಿತ ವಾರ್ಷಿಕ ತಪಾಸಣೆಯನ್ನು ಸಂಹಿತೆಯ ಮುಖ್ಯ ಸೌಲಭ್ಯವಾಗಿ ಪ್ರಕಟಿಸಲಾಗಿದೆ. ಇದು ಸ್ವಾಗತಾರ್ಹ. ಆದರೆ 20ನೆಯ ವಯಸ್ಸಿನಲ್ಲಿ ಫೆಟ್ಲಿಂಗ್ ಕೆಲಸಕ್ಕೆ ಸೇರಿದವನು 40 ತಲುಪುವ ವೇಳೆಗೆ 20 ವರ್ಷಗಳ ಧೂಳು ಮತ್ತು ಶಬ್ದವನ್ನು ಉಂಡಿರುತ್ತಾನೆ. ಆಗ ಮಾಡುವ ಮೊದಲ ಪರೀಕ್ಷೆಯು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಎರಕದ ಕೆಲಸವು ಕಾರ್ಖಾನೆಗಳ ಕಾಯಿದೆಯಲ್ಲಿ ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿತ್ತು; ಕೆಲಸಕ್ಕೆ ಸೇರುವ ಮುನ್ನ ಹಾಗೂ ಆನಂತರ 12 ತಿಂಗಳು ಮೀರದಂತೆ ತಪಾಸಣೆಯು ವಯಸ್ಸಿನ ಭೇದವಿಲ್ಲದೆ ಕಡ್ಡಾಯವಾಗಿತ್ತು. ಮಾದರಿ ನಿಯಮಗಳಂತೆ ಶಬ್ದದ ಮಿತಿ ಮೀರಿದ ಸ್ಥಳದ ಕಾರ್ಮಿಕನಿಗೆ ಕೆಲಸಕ್ಕೆ ಸೇರಿದ 14 ದಿನಗಳೊಳಗೆ ಶ್ರವಣ ಪರೀಕ್ಷೆಯಾಗಬೇಕು. ಈ ಮೊದಲ ಪರೀಕ್ಷೆಯೇ ಮುಂದಿನ ಎಲ್ಲ ಹೋಲಿಕೆಗಳಿಗೆ ಆಧಾರ. 40ರ ನಂತರದ ಸಾಮಾನ್ಯ ತಪಾಸಣೆಯು ಇದಕ್ಕೆ ಪೂರಕವಾಗಬೇಕೇ ಹೊರತು ಬದಲಿಯಾಗಬಾರದು.

6. ಮೂಲದಲ್ಲಿಯೇ ನಿಯಂತ್ರಣ

ಧೂಳು ಮತ್ತು ಧೂಮವನ್ನು ಹೊರಸೆಳೆಯುವ ಸಾಧನವನ್ನು ಅವು ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲಿ ಅಳವಡಿಸಬೇಕು, ಆ ಸ್ಥಳವನ್ನು ಸಾಧ್ಯವಾದಷ್ಟು ಮುಚ್ಚಬೇಕು ಎಂದು 1948ರ ಕಾಯಿದೆಯ 14ನೆಯ ಪ್ರಕರಣವೇ ವಿಧಿಸಿತ್ತು. ಇದರ ಹಿಂದಿನ ಭೌತಿಕ ಕಾರಣವು ಸರಳವಾದುದು. ಗಾಳಿಯನ್ನು ಊದಿದರೆ ಅದು ದೂರ ಸಾಗುತ್ತದೆ. ಹೀರಿದರೆ ಹತ್ತಿರದ ಗಾಳಿ ಮಾತ್ರ ಬರುತ್ತದೆ. ಹೀರುವ ಬಾಯಿಯಿಂದ ಅದರ ವ್ಯಾಸದಷ್ಟು ದೂರದಲ್ಲಿ ಗಾಳಿಯ ವೇಗವು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. 30 ಸೆಂಟಿಮೀಟರ್ ವ್ಯಾಸದ ಕೊಳವೆಯನ್ನು ಕೆಲಸದ ಮೇಜಿನಿಂದ ಒಂದು ಮೀಟರ್ ಎತ್ತರದಲ್ಲಿ ತೂಗುಹಾಕಿದರೆ, ಪಂಖವು ಎಷ್ಟೇ ದೊಡ್ಡದಿದ್ದರೂ, ಧೂಳು ಕಾರ್ಮಿಕನ ಮೂಗನ್ನು ದಾಟಿಯೇ ಕೊಳವೆಯನ್ನು ಸೇರುತ್ತದೆ. ಅನೇಕ ಘಟಕಗಳಲ್ಲಿ ಕಂಡುಬರುವ ಗೋಡೆಯ ನಿಷ್ಕಾಸಕ ಪಂಖವು ಇದೇ ದೋಷದ ಮತ್ತೊಂದು ರೂಪ.

ಶಬ್ದದಲ್ಲಿಯೂ ತತ್ವವು ಇದೇ. ಯಂತ್ರವನ್ನು ಸುತ್ತುವರಿದ ಕವಚದ ಮೇಲ್ಮೈಯಲ್ಲಿ ಶೇ. 10ರಷ್ಟು ಭಾಗವು ತೆರೆದಿದ್ದರೆ, ಗೋಡೆ ಎಷ್ಟೇ ದಪ್ಪವಿದ್ದರೂ, ಶಬ್ದವು 10 ಡೆಸಿಬೆಲ್‌ಗಿಂತ ಹೆಚ್ಚು ತಗ್ಗುವುದಿಲ್ಲ. ತೆರೆದ ಭಾಗವು ಶೇ. 1ಕ್ಕೆ ಇಳಿದರೆ 20 ಡೆಸಿಬೆಲ್‌ವರೆಗೆ ತಗ್ಗಬಹುದು. ಸಂದುಗಳನ್ನು ಮುಚ್ಚುವುದು ಹೊಸ ಗೋಡೆ ಕಟ್ಟುವುದಕ್ಕಿಂತ ಅಗ್ಗ.

ಮುಖವಾಡ ಮತ್ತು ಕಿವಿರಕ್ಷಕಗಳು ಕೊನೆಯ ಆಸರೆ. ಕಿವಿಗೆ 30 ಡೆಸಿಬೆಲ್ ರಕ್ಷಣೆ ನೀಡಬಲ್ಲ ಸಾಧನವನ್ನು ಪಾಳಿಯ ಅರ್ಧ ಅವಧಿ ಮಾತ್ರ ಧರಿಸಿದರೆ, ಶಕ್ತಿಯ ಲೆಕ್ಕದಲ್ಲಿ ದೊರೆಯುವ ರಕ್ಷಣೆ ಸುಮಾರು 3 ಡೆಸಿಬೆಲ್. ಕುಲುಮೆಯ ಸೆಕೆಯಲ್ಲಿ, ಬೆವರಿನಲ್ಲಿ, ಮೇಲ್ವಿಚಾರಕನ ಮಾತು ಕೇಳಬೇಕಾದ ಅಗತ್ಯದಲ್ಲಿ ಇಡೀ ಪಾಳಿ ಅವನ್ನು ಧರಿಸಿರುವುದು ಕಷ್ಟ. ಮುಖಕ್ಕೆ ಕಟ್ಟಿದ ಕರವಸ್ತ್ರವು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಪ್ರಮಾಣಿತ ಶ್ವಾಸರಕ್ಷಕವೂ ಮುಖಕ್ಕೆ ಬಿಗಿಯಾಗಿ ಕೂರದಿದ್ದರೆ ನಿಷ್ಪ್ರಯೋಜಕ. ಕಾರ್ಮಿಕನ ಶಿಸ್ತನ್ನೇ ನಂಬಿದ ವ್ಯವಸ್ಥೆಯು ಹೊಣೆಯನ್ನು ಮಾಲೀಕನಿಂದ ಕಾರ್ಮಿಕನಿಗೆ ವರ್ಗಾಯಿಸಿದಂತಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ನಿವಾರಿಸುವುದು ಸೂಕ್ತ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯು ಚಿಮಣಿಯ ಹೊಗೆ ಮತ್ತು ಘಟಕದ ಹೊರಗಿನ ಪರಿಸರಕ್ಕೆ ಸಂಬಂಧಿಸಿದ್ದು. ಕೆಲಸದ ಸ್ಥಳದ ಗಾಳಿಯ ಮಾಪನವನ್ನು ಕಾರ್ಮಿಕನ ಕೊರಳಪಟ್ಟಿಯ ಬಳಿ, ಆತನು ಉಸಿರಾಡುವ ವಲಯದಲ್ಲಿ, ಪಾಳಿಯುದ್ದಕ್ಕೂ ನಡೆಸಬೇಕು. ಮೊದಲನೆಯದು ಸರಿಯಿದ್ದ ಮಾತ್ರಕ್ಕೆ ಎರಡನೆಯದೂ ಸರಿಯಿದೆ ಎನ್ನಲಾಗದು.

7. ದಾಖಲೆಯ ಮಹತ್ವ

ಮಾಪನ ಮತ್ತು ತಪಾಸಣೆಗಳು ದಾಖಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಪ್ರಕರಣವೊಂದು ಸಾಕ್ಷಿ. ಅಲ್ಲಿನ ಸ್ಫಟಿಕ ಶಿಲೆ ಪುಡಿಮಾಡುವ ಘಟಕಗಳಲ್ಲಿ ಮಧ್ಯಪ್ರದೇಶದ ಆದಿವಾಸಿ ವಲಸೆ ಕಾರ್ಮಿಕರು ದುಡಿದು, ಸಿಲಿಕೋಸಿಸ್‌ಗೆ ತುತ್ತಾಗಿ, ಊರಿಗೆ ಮರಳಿ ಮೃತಪಟ್ಟರು. ಕೆಲಸ ನಡೆದದ್ದು ಒಂದು ರಾಜ್ಯದಲ್ಲಿ, ಸಾವು ಸಂಭವಿಸಿದ್ದು ಇನ್ನೊಂದು ರಾಜ್ಯದಲ್ಲಿ. ಮೃತರಾದ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2010ರಲ್ಲಿ ಶಿಫಾರಸು ಮಾಡಿತು. ಅದನ್ನು ಪಾವತಿಸುವಂತೆ ಸರ್ವೋಚ್ಚ ನ್ಯಾಯಾಲಯವು ಗುಜರಾತ್ ಸರ್ಕಾರಕ್ಕೆ ಆದೇಶಿಸಿದ್ದು 2016ರಲ್ಲಿ. ಸಿಲಿಕೋಸಿಸ್ ಮತ್ತು ಶಬ್ದಜನ್ಯ ಶ್ರವಣ ನಷ್ಟ ಎರಡೂ ಕಾನೂನಿನಂತೆ ವರದಿ ಮಾಡಲೇಬೇಕಾದ ಕಾಯಿಲೆಗಳಾಗಿವೆ. ಆದರೆ ಎದೆಯ ಕ್ಷ-ಕಿರಣ ಚಿತ್ರ, ಶ್ರವಣ ಪರೀಕ್ಷೆಯ ನಕ್ಷೆ ಮತ್ತು ಧೂಳಿನ ಮಾಪನದ ಪ್ರತಿಗಳು ಕಾರ್ಮಿಕನ ಕೈಯಲ್ಲಿ ಇಲ್ಲದಿದ್ದರೆ ಹಕ್ಕನ್ನು ಸಾಧಿಸುವುದು ಕಠಿಣ. ಎರಕದ ಘಟಕಗಳಿಗೂ ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಂದ ಕಾರ್ಮಿಕರು ಬರುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

8. ಸಣ್ಣ ಘಟಕಗಳು ಕೂಡಲೇ ಕೈಗೊಳ್ಳಬಹುದಾದ ಕ್ರಮಗಳು

(ಅ) ಒಣಗಿದ ಮರಳನ್ನು ಗುಡಿಸುವುದನ್ನು ಮತ್ತು ಒತ್ತಡದ ಗಾಳಿಯಿಂದ ಮೈ ಅಥವಾ ನೆಲವನ್ನು ಊದಿ ಸ್ವಚ್ಛಗೊಳಿಸುವುದನ್ನು ನಿಲ್ಲಿಸುವುದು. ನೀರು ಸಿಂಪಡಿಸುವುದು ಅಥವಾ ಸೂಕ್ತ ಶೋಧಕವುಳ್ಳ ನಿರ್ವಾತ ಯಂತ್ರವನ್ನು ಬಳಸುವುದು. ಕರಗಿದ ಲೋಹವಿರುವ ಜಾಗದಲ್ಲಿ ಮಾತ್ರ ನೀರನ್ನು ಬಳಸಬಾರದು.

(ಆ) ಎರಕವನ್ನು ಶುಚಿಗೊಳಿಸಲು ಮರಳಿನ ಧಾರೆಯ ಬದಲು ಮುಚ್ಚಿದ ಕೋಣೆಯಲ್ಲಿ ಉಕ್ಕಿನ ಗುಂಡುಗಳನ್ನು ಬಳಸುವುದು. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಮರಳಿನ ಬಳಕೆಯನ್ನು 1949ರ ನಿಯಮಗಳಲ್ಲಿಯೇ ನಿಷೇಧಿಸಲಾಯಿತು.

(ಇ) ಫೆಟ್ಲಿಂಗ್ ಮೇಜಿನ ಹಿಂಭಾಗ ಮತ್ತು ಪಕ್ಕಗಳನ್ನು ಮುಚ್ಚಿ, ಹೀರುವ ಬಾಯಿಯನ್ನು ಉಜ್ಜುವ ಚಕ್ರದ ಕಿಡಿ ಹಾರುವ ದಿಕ್ಕಿಗೆ ತರುವುದು. ಶೋಧಕದ ಒತ್ತಡದ ಮಾಪನವನ್ನು ಪ್ರತಿದಿನ ಬರೆದಿಡುವುದು.

(ಈ) ಎರಕಗಳು ಬೀಳುವ ಎತ್ತರವನ್ನು ತಗ್ಗಿಸಿ, ಲೋಹದ ತೊಟ್ಟಿಗೆ ರಬ್ಬರ್ ಹಾಸುವುದು. ಗಾಳಿ ಉಪಕರಣಗಳ ಹೊರಕಿಂಡಿಗೆ ಶಬ್ದಶಾಮಕವನ್ನು ಜೋಡಿಸುವುದು. ಸಡಿಲವಾದ ತಗಡುಗಳನ್ನು ಬಿಗಿಗೊಳಿಸುವುದು.

(ಉ) ನಾಕ್‌ಔಟ್ ಕೆಲಸವನ್ನು ಪ್ರತ್ಯೇಕ ಜಾಗಕ್ಕೆ ಅಥವಾ ಬೇರೆ ವೇಳೆಗೆ ಬದಲಿಸಿ, ಅದಕ್ಕೆ ಸಂಬಂಧಿಸದ ಕಾರ್ಮಿಕರನ್ನು ದೂರವಿಡುವುದು.

(ಊ) ಶ್ರವಣ ಪರೀಕ್ಷೆಯನ್ನು ಪಾಳಿಯ ಮಧ್ಯೆ ನಡೆಸದೆ, ಕನಿಷ್ಠ 14 ಗಂಟೆಗಳ ಕಾಲ ಶಬ್ದದಿಂದ ದೂರವಿದ್ದ ನಂತರ ನಡೆಸುವುದು; ಪ್ರತಿಯೊಂದು ವರದಿಯ ಪ್ರತಿಯನ್ನು ಕಾರ್ಮಿಕನಿಗೆ ನೀಡುವುದು.

ಒಂದು ಘಟಕಕ್ಕೆ ದುಬಾರಿಯಾಗುವ ಮಾಪನ ಉಪಕರಣ ಮತ್ತು ತಜ್ಞರ ಸೇವೆಯನ್ನು ಸಮೂಹದ ಘಟಕಗಳು ಒಟ್ಟಾಗಿ ಪಡೆಯಬಹುದು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ.

9. ಉಪಸಂಹಾರ

ಕಾನೂನಿನ ಹೆಸರು ಬದಲಾಗಿದೆ, ವ್ಯಾಖ್ಯೆಗಳು ಬದಲಾಗಿವೆ, ಅಂಕಿಗಳನ್ನು ಬರೆಯುವ ಹೊಣೆಯು ಒಂದು ಕೈಯಿಂದ ಇನ್ನೊಂದು ಕೈಗೆ ಬಂದಿದೆ. ಬದಲಾಗದೆ ಉಳಿದಿರುವುದು ಧೂಳಿನ ಮತ್ತು ಶಬ್ದದ ಸ್ವಭಾವ. ಅವು ಘಟಕದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನಾಗಲಿ, ಕಾರ್ಮಿಕನ ವಯಸ್ಸು 40 ದಾಟಿದೆಯೇ ಎಂಬುದನ್ನಾಗಲಿ ಲೆಕ್ಕಿಸುವುದಿಲ್ಲ. ಆದ್ದರಿಂದ ರಾಜ್ಯಗಳು ರೂಪಿಸುವ ನಿಯಮಗಳು ಸಣ್ಣ ಘಟಕಗಳನ್ನೂ ತಲುಪುವುದು, ಮಿತಿಗಳು ಪಾಳಿಯ ಅವಧಿಗೆ ಹೊಂದಿಕೊಂಡಿರುವುದು, ತಪಾಸಣೆಯು ಕೆಲಸದ ಮೊದಲ ದಿನಗಳಿಂದಲೇ ಆರಂಭವಾಗುವುದು ಅತ್ಯವಶ್ಯಕ. ಮೂಲದಲ್ಲಿ ತಡೆದ ಧೂಳಿಗೆ ಚಿಕಿತ್ಸೆಯೂ ಬೇಕಿಲ್ಲ, ಪರಿಹಾರವೂ ಬೇಕಿಲ್ಲ. ಮಾಲೀಕರು, ವ್ಯವಸ್ಥಾಪಕರು, ಸುರಕ್ಷತಾ ಸಮಿತಿಗಳು ಹಾಗೂ ಕಾರ್ಮಿಕ ಸಂಘಗಳು ಈ ಪರಿವರ್ತನೆಯ ಕಾಲವನ್ನು ತಮ್ಮ ತಮ್ಮ ಘಟಕಗಳ ಗಾಳಿ ಮತ್ತು ಶಬ್ದವನ್ನು ಒಮ್ಮೆ ಅಳೆದು ನೋಡಲು ಬಳಸಿಕೊಳ್ಳುವುದು ಉಚಿತವಾಗಿರುತ್ತದೆ.